ಯಾರ ಬಾಗಿಲು ತಟ್ಟುವುದು?

– ದೊಡ್ಡಪ್ಪ, ಪೇಪರಿನಲ್ಲಿ ಬಿಟ್‌ಕಾಯಿನ್ ಸುದ್ದಿ ಕಂಡ ಕೂಡಲೇ ಪುಟ ಮಗುಚಿಬಿಡ್ತೀರಿ. ಓದಿಯಾದರೂ ಬೈಯಬಹುದಲ್ವಾ?

– ಓದಿಯೇ ಮಗುಚುವುದು ಮಾರಾಯ್ತಿ. ಏರಿತು, ಇಳಿಯಿತು ಅನ್ನುವುದು ಬಿಟ್ಟರೆ ಅದರಲ್ಲಿ ಬೇರೆ ಎಂತ ಉಂಟು? 2025ರ ಅಕ್ಟೋಬರ್ ಮೊದಲಿಗೆ ಒಂದು ಬಿಟ್‌ಕಾಯಿನ್ 1,26,000 ಡಾಲರ್ ಮುಟ್ಟಿತು ಅಂತ ದೊಡ್ಡ ಅಕ್ಷರದಲ್ಲಿ ಹಾಕಿದರು. ಅದೇ ವಾರ ಶುಕ್ರವಾರ ಅಮೆರಿಕದ ಅಧ್ಯಕ್ಷರು ಚೀನಾದ ಮಾಲಿಗೆ ಸುಂಕ ಹಾಕುತ್ತೇನೆ ಅಂದದ್ದೇ ತಡ, ಒಂದು ದಿನದೊಳಗೆ ಇಂಥ ನಾಣ್ಯಗಳ ಮೇಲೆ ಸಾಲ ಮಾಡಿ ಕಟ್ಟಿದ ಸುಮಾರು 1,900 ಕೋಟಿ ಡಾಲರಿನಷ್ಟು ವ್ಯವಹಾರ ತೊಳೆದುಹೋಯಿತು. ಅದರಲ್ಲಿ ದುಡ್ಡು ಕಳೆದುಕೊಂಡವರು ಯಾರು, ಅವರ ಮನೆಯ ಕಥೆ ಎಂತ, ಒಂದು ಸಾಲು ಇಲ್ಲ. ನಾನು ಬ್ಯಾಂಕಿನಲ್ಲೇ ತಲೆ ನರೆತವ. ದುಡ್ಡಿನ ಸುದ್ದಿ ಅಂದರೆ ನನಗೆ ಬೇಕಾದದ್ದು ಮೂರೇ. ಯಾರ ದುಡ್ಡು, ಯಾರ ಹತ್ತಿರ ಉಂಟು, ಕೇಳಿದ ದಿನ ಕೊಡುತ್ತಾರಾ.

– ಆ ಮೂರು ಪ್ರಶ್ನೆಯಿಂದಲೇ ಇದು ಹುಟ್ಟಿದ್ದು ದೊಡ್ಡಪ್ಪ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿತು. ಬ್ಯಾಂಕಿನವರು ಮಾಡಿದ ತಪ್ಪಿಗೆ ಜನರ ತೆರಿಗೆ ಹಣ ಸುರಿಯಬೇಕಾಯಿತು. ಅಕ್ಟೋಬರ್ 31ಕ್ಕೆ ಸತೋಶಿ ನಕಮೋಟೊ ಅನ್ನುವ ಹೆಸರಿನಲ್ಲಿ ಬಿಟ್‌ಕಾಯಿನ್ ಬಗ್ಗೆ ಒಂಬತ್ತು ಪುಟದ ಬರಹ ಹೊರಗೆ ಬಂತು. ಅದು ಒಬ್ಬರೋ ನಾಲ್ಕು ಜನವೋ, ಇವತ್ತಿಗೂ ಪತ್ತೆ ಇಲ್ಲ. 2009ರ ಜನವರಿ 3ಕ್ಕೆ ಮೊದಲ ಬ್ಲಾಕ್, ಅಂದರೆ ಲೆಕ್ಕದ ಮೊದಲ ಪುಟ. ಅದರೊಳಗೆ ಆ ದಿನದ ಲಂಡನ್ನಿನ ಟೈಮ್ಸ್ ಪತ್ರಿಕೆಯ ತಲೆಬರಹ ಸೇರಿಸಿದ್ದಾರೆ. ಬ್ಯಾಂಕುಗಳಿಗೆ ಸರ್ಕಾರ ಎರಡನೇ ಸಲ ಹಣ ಕೊಡಲು ಹೊರಟಿದೆ ಅನ್ನುವ ಸುದ್ದಿ ಅದು. ಇದನ್ನು ಮಾಡಿದವರ ಸಿಟ್ಟು ಯಾವುದರ ಮೇಲೆ ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ.

– ಸಿಟ್ಟು ನ್ಯಾಯದ್ದೇ. ಆದರೆ ಬ್ಯಾಂಕು ಬೇಡ ಅಂದಮೇಲೆ ಲೆಕ್ಕ ಇಡುವವ ಯಾರು?

– ಎಲ್ಲರೂ. ಒಂದೇ ಲೆಜರ್, ಆದರೆ ಅದರ ಪ್ರತಿ ಲೋಕದಾದ್ಯಂತ ಸಾವಿರಾರು ಕಂಪ್ಯೂಟರ್‌ಗಳಲ್ಲಿ. ಸುಮಾರು ಹತ್ತು ನಿಮಿಷಕ್ಕೆ ಒಂದು ಹೊಸ ಪುಟ ಸೇರುತ್ತದೆ. ಯಾರು ಬೇಕಾದರೂ ಸೇರಿಸಬಹುದು, ಆದರೆ ಒಂದು ಷರತ್ತು. ಒಂದು ಸಂಖ್ಯೆ ಹುಡುಕಬೇಕು. ಲೆಕ್ಕ ಹಾಕಿ ಹುಡುಕಲು ಬರುವುದಿಲ್ಲ, ಒಂದಾದ ಮೇಲೆ ಒಂದು ಹಾಕಿ ನೋಡುತ್ತಲೇ ಇರಬೇಕು. ಮೊದಲು ಸಿಕ್ಕಿದವರಿಗೆ ಹೊಸ ನಾಣ್ಯ ಬಹುಮಾನ. ಶುರುವಿನಲ್ಲಿ ಪುಟಕ್ಕೆ 50 ನಾಣ್ಯ ಇತ್ತು, ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಬಂದು 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಒಟ್ಟು 2.1 ಕೋಟಿ ದಾಟುವ ಹಾಗೇ ಇಲ್ಲ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು ಒತ್ತಿರುತ್ತದೆ. ಹತ್ತು ವರ್ಷದ ಹಿಂದಿನ ಒಂದು ಸೊನ್ನೆ ತಿದ್ದಿದರೂ ಆಮೇಲಿನ ಎಲ್ಲಾ ಪುಟದ ಗುರುತು ತಪ್ಪುತ್ತದೆ, ಸಾವಿರಾರು ಜನರಿಗೆ ಆ ಕ್ಷಣವೇ ಗೊತ್ತಾಗುತ್ತದೆ.

– ಇದು ಚಂದ ಉಂಟು. ನಿಜವಾಗಿ ಹೇಳುತ್ತೇನೆ, ಇದು ದೊಡ್ಡ ತಲೆಯ ಕೆಲಸ. ಕೈಯಲ್ಲಿ ಲೆಜರ್ ಬರೆಯುವ ಕಾಲದಲ್ಲಿ ಡೇ ಬುಕ್ ಟ್ಯಾಲಿ ಆಗದೆ ಎಂಟಾಣೆ ವ್ಯತ್ಯಾಸ ಬಂದರೆ ರಾತ್ರಿ ಕಡೆಯ ಬಸ್ಸು ಹೋದರೂ ಕೂತು ಹುಡುಕುತ್ತಿದ್ದೆವು. ತಾನಾಗಿ ತಪ್ಪು ಹಿಡಿಯುವ ಲೆಜರಿನ ಬೆಲೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಮಾತು. ಗಿರಾಕಿ ಬಂದು ಲೆಜರಿನ ಹತ್ತಿರ ಮಾತಾಡುವುದಿಲ್ಲ. ಕೌಂಟರಿನಲ್ಲಿ ಕೂತವನ ಹತ್ತಿರ ಮಾತಾಡುವುದು. ನಿಮ್ಮ ಲೆಜರ್ ಹದಿನಾರು ಹದಿನೇಳು ವರ್ಷದಿಂದ ಗಟ್ಟಿಯಾಗಿಯೇ ನಿಂತಿದೆ. ಮುಳುಗಿದ್ದೆಲ್ಲ ಕೌಂಟರಿನಲ್ಲಿ.

– ನಾಣ್ಯ ಕೊಂಡು ಮಾರುವ ಎಕ್ಸ್‌ಚೇಂಜ್‌ಗಳ ಬಗ್ಗೆ ಹೇಳ್ತಿದ್ದೀರಿ.

– ಮತ್ತೆ? ನೀನೇ ಹೇಳು. ನಿನ್ನ ಆಫೀಸಿನ ಹುಡುಗರಲ್ಲಿ ತಮ್ಮ ನಾಣ್ಯದ ಕೀ ತಾವೇ ಇಟ್ಟುಕೊಂಡವರು ಎಷ್ಟು ಜನ?

– ಬಹಳ ಕಡಿಮೆ. ಅದು ಸುಲಭವಿಲ್ಲ. ವಾಲೆಟ್ ಮಾಡಿದಾಗ 12 ಅಥವಾ 24 ಇಂಗ್ಲಿಷ್ ಪದ ಬರುತ್ತವೆ, ಕೀ ಅಂದರೆ ಅದೇ. ಅದೇ ಕ್ರಮದಲ್ಲಿ ಬರೆದು ಇಟ್ಟುಕೊಳ್ಳಬೇಕು. ಚೀಟಿ ಕಳೆದರೆ ಹಣ ಹೋಯಿತು. ಬೇರೆಯವರ ಕೈಗೆ ಸಿಕ್ಕರೂ ಹೋಯಿತು. ಪಾಸ್‌ವರ್ಡ್ ಮರೆತಿದ್ದೇನೆ ಅಂತ ಹೇಳಲು ಯಾರೂ ಇಲ್ಲ. ಹಾಗಾಗಿ ಎಲ್ಲರೂ ಫೋನಿನಲ್ಲಿ ಒಂದು ಎಕ್ಸ್‌ಚೇಂಜ್ ಆ್ಯಪ್ ಹಾಕಿ, ಅಲ್ಲೇ ಕೊಂಡು, ಅಲ್ಲೇ ಬಿಡುತ್ತಾರೆ.

– ಅಂದರೆ ಬ್ಯಾಂಕನ್ನು ನಂಬಬಾರದು ಅಂತ ಹೊರಟವರು ಕೊನೆಗೆ ಇನ್ನೊಬ್ಬನ ಕೈಗೇ ಕೊಟ್ಟು ಬಂದರು. ಅವನ ಮೇಲೆ ರಿಸರ್ವ್ ಬ್ಯಾಂಕಿನ ಇನ್‌ಸ್ಪೆಕ್ಷನ್ ಇಲ್ಲ, ವಿಮೆ ಇಲ್ಲ. ನನ್ನ ತಕರಾರು ಇಷ್ಟೇ, ಬಿಟ್‌ಕಾಯಿನ್ ಮೇಲೆ ಅಲ್ಲ. ಟೋಕಿಯೋದ ಮೌಂಟ್ ಗಾಕ್ಸ್ 2014ರಲ್ಲಿ ಬಾಗಿಲು ಹಾಕಿದಾಗ 8,50,000 ಬಿಟ್‌ಕಾಯಿನ್ ಕಾಣುತ್ತಿಲ್ಲ ಅಂದರು. ಆಮೇಲೆ ಎರಡು ಲಕ್ಷ ಹಳೆಯ ವಾಲೆಟ್‌ನಲ್ಲಿ ಸಿಕ್ಕಿತಂತೆ. ಕೆನಡಾದ ಕ್ವಾಡ್ರಿಗಾದ ಮಾಲೀಕ 2018ರ ಡಿಸೆಂಬರ್‌ನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡ. ಕೀಗಳು ಅವನಿಗೆ ಮಾತ್ರ ಗೊತ್ತಿದ್ದವು ಅಂತ ಗಿರಾಕಿಗಳಿಗೆ ಹೇಳಿದರು. ವಿಚಾರಣೆ ಆದಾಗ ಅವನು ಬದುಕಿದ್ದಾಗಲೇ ಅವರ ಹಣ ಜೂಜಿಗೆ ಹಾಕಿದ ಹಾಗೆ ಕಳೆದಿದ್ದ ಅಂತ ಹೊರಬಿತ್ತು. ಎಫ್‌ಟಿಎಕ್ಸ್ 2022ರ ನವೆಂಬರ್‌ನಲ್ಲಿ ದಿವಾಳಿ. ಗಿರಾಕಿಗಳ ಹಣ ಮಾಲೀಕನ ಇನ್ನೊಂದು ಕಂಪನಿಗೆ ಹರಿದಿತ್ತು. ಅವನಿಗೆ 25 ವರ್ಷ ಜೈಲು ಆಯಿತು. ಜೈಲು ಆದರೆ ಗಿರಾಕಿಗೆ ದುಡ್ಡು ಬಂತಾ?

– ಬಂತು, ಆದರೆ ಕಾದು ಕಾದು. 2025ರ ಫೆಬ್ರವರಿಯಿಂದ ಕೊಡಲು ಶುರು ಮಾಡಿದರು, ಅದೂ 2022ರ ನವೆಂಬರ್ ಬೆಲೆಗೆ. ಅಷ್ಟರಲ್ಲಿ ಬಿಟ್‌ಕಾಯಿನ್ ಐದು ಪಟ್ಟು ಏರಿತ್ತು. ಆದರೆ ದೊಡ್ಡಪ್ಪ, ಅದೇ ಎಫ್‌ಟಿಎಕ್ಸ್‌ನ ಜಪಾನ್ ಶಾಖೆ ಬಗ್ಗೆ ನೀವು ಓದಿಲ್ಲ ಅನ್ನಿಸುತ್ತೆ. ಅಲ್ಲಿನ ಗಿರಾಕಿಗಳಿಗೆ 2023ರ ಫೆಬ್ರವರಿಯಲ್ಲೇ ಹಣ ಹಿಂದೆಗೆಯಲು ಬಿಟ್ಟರು. ಬೇರೆ ದೇಶದವರು ಕೋರ್ಟಿನ ಕಾಗದ ಕಾಯುತ್ತಿದ್ದಾಗ ಜಪಾನಿನವರು ಮೂರೇ ತಿಂಗಳಲ್ಲಿ ತಮ್ಮದನ್ನು ತೆಗೆದುಕೊಂಡರು.

– ಅದು ಹೇಗೆ? ಮಾಲೀಕ ಅವನೇ ಅಲ್ವಾ?

– ಮಾಲೀಕ ಅವನೇ, ಕಾನೂನು ಬೇರೆ. ಮೌಂಟ್ ಗಾಕ್ಸ್ ಅವರ ಊರಿನಲ್ಲೇ ಮುಳುಗಿದ್ದು. ಪಾಠ ಕಲಿತರು. 2017ರಿಂದ ಎಕ್ಸ್‌ಚೇಂಜ್ ನಡೆಸಲು ನೋಂದಣಿ ಕಡ್ಡಾಯ ಮಾಡಿದರು. 2018ರಲ್ಲಿ ಕಾಯಿನ್‌ಚೆಕ್‌ನಲ್ಲಿ ದೊಡ್ಡ ಕಳವಾದ ಮೇಲೆ ಇನ್ನೂ ಬಿಗಿ ಮಾಡಿದರು. ಗಿರಾಕಿಯ ನಾಣ್ಯ ಕಂಪನಿಯ ನಾಣ್ಯದ ಜೊತೆ ಬೆರೆಸುವ ಹಾಗಿಲ್ಲ, ಬಹುಪಾಲನ್ನು ಇಂಟರ್ನೆಟ್ ಸಂಪರ್ಕವಿಲ್ಲದ ವಾಲೆಟ್‌ನಲ್ಲಿ ಇಡಬೇಕು. ಬಹಾಮಾಸ್‌ನಲ್ಲಿ ಕೂತು ಕೈ ಹಾಕಿದವನಿಗೆ ಜಪಾನಿನ ಪೆಟ್ಟಿಗೆ ಸಿಗಲಿಲ್ಲ.

– ನೋಡು, ಇದು ಸುದ್ದಿ! ಇದನ್ನು ಮೊದಲ ಪುಟದಲ್ಲಿ ಹಾಕಬೇಕಿತ್ತು. ಬೆಲೆ ಎಷ್ಟಾಯಿತು ಅನ್ನುವುದನ್ನಲ್ಲ.

– ನಮ್ಮಲ್ಲಿ ಆದದ್ದನ್ನೂ ಹಾಗೇ ಬಿಡಿಸಿ ಬರೆಯಬೇಕಿತ್ತು. ವಜೀರ್‌ಎಕ್ಸ್ ಅನ್ನುವ ಎಕ್ಸ್‌ಚೇಂಜ್. 2024ರ ಜುಲೈ 18. 23 ಕೋಟಿ ಡಾಲರ್ ಮೀರಿದ ಕಳವು, ನಮ್ಮ ಲೆಕ್ಕದಲ್ಲಿ ಸುಮಾರು 2,000 ಕೋಟಿ ರೂಪಾಯಿ. ಅವರ ಹತ್ತಿರ ಇದ್ದ ಗಿರಾಕಿಗಳ ಆಸ್ತಿಯಲ್ಲಿ ಅರ್ಧಕ್ಕೆ ಹತ್ತಿರ ಒಂದೇ ಬೆಳಗ್ಗೆ ಹೋಯಿತು. ಆ ವಾಲೆಟ್‌ಗೆ ಒಬ್ಬರ ಸಹಿ ಸಾಲುತ್ತಿರಲಿಲ್ಲ. ಕಂಪನಿಯ ಮೂವರು ಸಹಿ ಹಾಕಬೇಕು, ಆಮೇಲೆ ವಾಲೆಟ್ ನೋಡಿಕೊಳ್ಳುವ ಇನ್ನೊಂದು ಸಂಸ್ಥೆಯೂ ಒಪ್ಪಬೇಕು. ಪರದೆಯ ಮೇಲೆ ಕಂಡ ವ್ಯವಹಾರ ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಅಂತ ಕಂಪನಿ ಹೇಳಿತು. ಕೆಲವು ತಿಂಗಳಾದ ಮೇಲೆ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಮೂರೂ ಸೇರಿ ಇದು ಉತ್ತರ ಕೊರಿಯಾದ ಕೆಲಸ ಅಂದವು.

– ನಮ್ಮಲ್ಲಿ ಸ್ಟ್ರಾಂಗ್ ರೂಮಿಗೆ ಎರಡು ಕೀಲಿಕೈ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಹೆಡ್ ಕ್ಯಾಷಿಯರ್ ಹತ್ತಿರ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುವುದು. ಇವರದ್ದೂ ಅದೇ ಏರ್ಪಾಡು ಅಂತಾಯಿತು. ಆದರೆ ನಮಗೆ ಒಳಗಿನ ಕಟ್ಟು ಕೈಯಲ್ಲಿ ಹಿಡಿದು ಎಣಿಸಲು ಬರುತ್ತಿತ್ತು. ಪರದೆಯನ್ನೇ ನಂಬಿ ಸಹಿ ಹಾಕುವುದಾದರೆ ನಾಲ್ಕು ಕೀಲಿಕೈ ಇದ್ದರೂ ಒಂದೇ. ಇರಲಿ. ಕಳವು ಎಲ್ಲಿಯೂ ಆಗುತ್ತದೆ. ಆಮೇಲೆ ಎಂತ ಆಯಿತು?

– ಅದನ್ನೇ ಹೇಳಬೇಕು. ಹಣ ಹಿಂದೆಗೆಯುವುದು ನಿಲ್ಲಿಸಿದರು. ಆ್ಯಪ್ ತೆರೆದರೆ ಬ್ಯಾಲೆನ್ಸ್ ಕಾಣುತ್ತದೆ, ಮುಟ್ಟಲು ಬರುವುದಿಲ್ಲ. ಕಂಪನಿ ಯಾರದ್ದು ಅಂತ ಕೇಳಿದರೆ ಮುಂಬೈಯದ್ದು ಒಂದು, ಅದರ ಮೇಲೆ ಸಿಂಗಾಪುರದ್ದು ಒಂದು. ನಡುವೆ ಬೈನಾನ್ಸ್ ಅನ್ನುವ ಇನ್ನೊಂದು ದೊಡ್ಡ ಎಕ್ಸ್‌ಚೇಂಜ್ ಇದನ್ನು ಕೊಂಡಿತ್ತೋ ಇಲ್ಲವೋ ಅನ್ನುವ ಜಗಳ 2022ರಿಂದ ಇತ್ತು. ಗಿರಾಕಿಗಳು ಸುಪ್ರೀಂ ಕೋರ್ಟಿಗೆ ಹೋದರು. ಇದು ನೀತಿಯ ವಿಷಯ, ಸರ್ಕಾರದ ಹತ್ತಿರ ಹೋಗಿ ಅಂತ 2025ರ ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯಿತು. ಕೊನೆಗೆ ಇತ್ಯರ್ಥ ಆದದ್ದು ಸಿಂಗಾಪುರದ ಹೈಕೋರ್ಟಿನಲ್ಲಿ. ಇಲ್ಲಿನ ಹುಡುಗ, ಇಲ್ಲಿನ ಸಂಬಳ, ಪ್ಯಾನ್ ಕಾರ್ಡ್ ಕೊಟ್ಟು ಇಲ್ಲೇ ಕೊಂಡ ನಾಣ್ಯ. ಹಣ ಬರಬೇಕಾದವರ ಪಟ್ಟಿಯಲ್ಲಿ ಹೆಸರು ಸೇರಿಸಿ ಓಟು ಹಾಕಿದ್ದು ಸಿಂಗಾಪುರದ ಕೋರ್ಟಿನ ಯೋಜನೆಗೆ. 15 ತಿಂಗಳು ಆದಮೇಲೆ, 2025ರ ಅಕ್ಟೋಬರ್‌ನಲ್ಲಿ, ಎಕ್ಸ್‌ಚೇಂಜ್ ಮತ್ತೆ ತೆರೆಯಿತು.

– 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಚ್ಚಿತು. ನಾನು ಕೆಲಸಕ್ಕೆ ಸೇರಿದಾಗ ಹಿರಿಯರು ಅದರ ಕಥೆ ಹೇಳುತ್ತಿದ್ದರು. ಮದುವೆಗೆ ಇಟ್ಟ ದುಡ್ಡು, ರಬ್ಬರ್ ತೋಟದವರ ದುಡ್ಡು, ಎಲ್ಲ ಸಿಕ್ಕಿಹಾಕಿಕೊಂಡಿತು. ಪಾರ್ಲಿಮೆಂಟಿನಲ್ಲಿ ಗದ್ದಲ ಆಯಿತು. ಮರುವರ್ಷವೇ ಠೇವಣಿ ವಿಮೆಯ ಕಾನೂನು ಬಂತು, 1962ರ ಜನವರಿ 1ರಿಂದ ಜಾರಿ. ಆಗ 1,500 ರೂಪಾಯಿವರೆಗೆ ಖಾತ್ರಿ. 1993ರಲ್ಲಿ ಒಂದು ಲಕ್ಷ, 2020ರಲ್ಲಿ ಐದು ಲಕ್ಷ. ನಿನ್ನ ಎಸ್‌ಬಿ ಖಾತೆಗೆ ಇವತ್ತು ಇರುವ ಖಾತ್ರಿ ಪಾಲಾಯಿಯವರ ಕಣ್ಣೀರಿನಿಂದ ಬಂದದ್ದು.

– ಆದರೂ ಬ್ಯಾಂಕುಗಳು ಕೈ ಕೊಟ್ಟಿಲ್ಲ ಅಂತ ಹೇಳಬೇಡಿ. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರಿ ಬ್ಯಾಂಕಿನ ಎದುರು ಎಷ್ಟು ಹಿರಿಯರು ನಿಂತಿದ್ದರು! ರಿಟೈರ್ ಆದಾಗ ಬಂದದ್ದನ್ನೆಲ್ಲ ಅಲ್ಲಿ ಇಟ್ಟವರು. 35,000ಕ್ಕಿಂತ ಹೆಚ್ಚು ತೆಗೆಯಬೇಡಿ ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಇನ್‌ಸ್ಪೆಕ್ಷನ್ ಇತ್ತಲ್ಲ, ಏನು ಮಾಡಿತು?

– ಅದು ನಮ್ಮ ವ್ಯವಸ್ಥೆಗೆ ಆದ ಅವಮಾನ. ನಾನು ಸಮರ್ಥಿಸುವುದಿಲ್ಲ. ಆದರೆ ಮುಂದಿನದ್ದೂ ಹೇಳು. ಜನ ಸುಮ್ಮನೆ ಕೂರಲಿಲ್ಲ, ಬೀದಿಗೆ ಬಂದರು. 2021ರಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು. ಹಾಗೆ ನಿರ್ಬಂಧ ಬಿದ್ದ ಬ್ಯಾಂಕಿನ ಠೇವಣಿದಾರರಿಗೆ ಐದು ಲಕ್ಷದವರೆಗಿನ ವಿಮೆಯ ಹಣ 90 ದಿನದೊಳಗೆ ಸಿಗಬೇಕು ಅಂತಾಯಿತು. ಪೆಟ್ಟು ಬಿತ್ತು, ಔಷಧಿ ಬಂತು. ವಜೀರ್‌ಎಕ್ಸ್ ಪೆಟ್ಟಿಗೆ ಯಾವ ಔಷಧಿ ಬಂತು?

– ಯಾವುದೂ ಇಲ್ಲ. ಅದಕ್ಕೇ ನನಗೆ ನಿಮಗಿಂತ ಹೆಚ್ಚು ಸಿಟ್ಟು, ಆದರೆ ನನ್ನ ಸಿಟ್ಟು ಬೇರೆ ಕಡೆಗೆ. ಸರ್ಕಾರ ಇದನ್ನು ನೋಡಿಯೇ ಇಲ್ಲ ಅಂತಲ್ಲ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು, ಕ್ರಿಪ್ಟೋ ವ್ಯವಹಾರ ಮಾಡುವವರಿಗೆ ಬ್ಯಾಂಕುಗಳು ಸೇವೆ ಕೊಡಬಾರದು ಅಂತ. ಅದೇ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಕೆಂಪ್ ಫೋರ್ಟ್ ಮಾಲಿನಲ್ಲಿ ಬಿಟ್‌ಕಾಯಿನ್ ಯಂತ್ರ ಇಟ್ಟವರನ್ನು ಪೊಲೀಸರು ಹಿಡಿದುಕೊಂಡು ಹೋದರು, ಯಂತ್ರವನ್ನೂ ಎತ್ತಿಕೊಂಡು ಹೋದರು. 2020ರ ಮಾರ್ಚ್ 4ಕ್ಕೆ ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನೇ ರದ್ದು ಮಾಡಿತು. ಇದರಿಂದ ಬ್ಯಾಂಕುಗಳಿಗೆ ಇಂಥ ನಷ್ಟವಾಗಿದೆ ಅಂತ ರಿಸರ್ವ್ ಬ್ಯಾಂಕ್ ತೋರಿಸಿಲ್ಲ ಅಂದಿತು. ಸರಿ, ಇನ್ನಾದರೂ ಒಂದು ಕಾನೂನು ಬರುತ್ತದೆ ಅಂದುಕೊಂಡೆವು. ಬಂದದ್ದು ತೆರಿಗೆ.

– 30 ಪರ್ಸೆಂಟು.

– ಲಾಭಕ್ಕೆ 30, ಅದರ ಮೇಲೆ ಸೆಸ್. 2022ರ ಬಜೆಟ್‌ನಲ್ಲಿ ಬಂತು. ಜೊತೆಗೆ ಆ ವರ್ಷ ಜುಲೈ 1ರಿಂದ ಮಾರಿದ ಮೊತ್ತಕ್ಕೆ ಒಂದು ಪರ್ಸೆಂಟ್ ಟಿಡಿಎಸ್, ಲಾಭ ಬಂದರೂ ನಷ್ಟವಾದರೂ. ಒಂದು ಉದಾಹರಣೆ ಕೇಳಿ. ಒಬ್ಬ ಒಂದು ನಾಣ್ಯದಲ್ಲಿ ಒಂದು ಲಕ್ಷ ಗಳಿಸಿದ. ಅದೇ ವರ್ಷ ಇನ್ನೊಂದು ನಾಣ್ಯದಲ್ಲಿ 80,000 ಕಳೆದ. ಕೈಯಲ್ಲಿ ಉಳಿದದ್ದು 20,000. ತೆರಿಗೆ ಎಷ್ಟು?

– ಇಪ್ಪತ್ತು ಸಾವಿರಕ್ಕೆ ಲೆಕ್ಕ ಹಾಕಿದರೆ ಆರು ಸಾವಿರದ ಚಿಲ್ಲರೆ.

– ಅಲ್ಲ. ಒಂದರ ನಷ್ಟ ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಪೂರ್ತಿ ಒಂದು ಲಕ್ಷಕ್ಕೆ ತೆರಿಗೆ. 30,000, ಸೆಸ್ ಸೇರಿ 31,200. ಗಳಿಸಿದ್ದು ಇಪ್ಪತ್ತು, ಕಟ್ಟಬೇಕಾದದ್ದು ಮೂವತ್ತೊಂದು. ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯಲೂ ಬರುವುದಿಲ್ಲ. ಷೇರಿಗೆ ಹೀಗಿಲ್ಲ.

– ಇದು ಅನ್ಯಾಯ ಮಾರಾಯ್ತಿ. ಜೂಜು ಅಂತ ಅನ್ನಿಸಿದರೆ ಜೂಜು ಅಂತ ಹೇಳಿ ನಿಲ್ಲಿಸಲಿ. ವ್ಯಾಪಾರ ಅಂತ ಅನ್ನಿಸಿದರೆ ವ್ಯಾಪಾರದ ಲೆಕ್ಕ ಹಾಕಲಿ. ಪಾಲು ಕೇಳುವಾಗ ಸರ್ಕಾರಕ್ಕೆ ಇದು ಕಾಣುತ್ತದೆ, ಕಳವಾದಾಗ ಕಾಣುವುದಿಲ್ಲ. ಹಾಗೆ ಆಗಬಾರದು.

– ಕಾಣುವ ಇನ್ನೊಂದು ಜಾಗ ಇದೆ. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದವು. ಫೈನಾನ್ಷಿಯಲ್ ಇಂಟೆಲಿಜೆನ್ಸ್ ಯೂನಿಟ್‌ನಲ್ಲಿ ನೋಂದಣಿ ಮಾಡಿಸಬೇಕು, ಗಿರಾಕಿಯ ವಿವರ ಇಡಬೇಕು, ಅನುಮಾನದ ವ್ಯವಹಾರ ತಿಳಿಸಬೇಕು. ಒಳ್ಳೆಯದೇ. ಆದರೆ ಅದರ ಗುರಿ ಕಪ್ಪುಹಣ ಹಿಡಿಯುವುದು. ಗಿರಾಕಿಯ ನಾಣ್ಯ ಬೇರೆ ಇಟ್ಟಿದ್ದಾರಾ, ಇರಬೇಕಾದಷ್ಟು ಇದೆಯಾ ಅಂತ ಕೇಳುವುದು ಅದರ ಕೆಲಸವಲ್ಲ. ಆದರೆ ಜನ ‘ಎಫ್‌ಐಯು ರಿಜಿಸ್ಟರ್ಡ್’ ಅಂತ ಆ್ಯಪಿನಲ್ಲಿ ಓದಿ ಸರ್ಕಾರದ ಗ್ಯಾರಂಟಿ ಇದೆ ಅಂದುಕೊಳ್ಳುತ್ತಾರೆ.

– ಜಾಹೀರಾತಿನಲ್ಲೂ ಹಾಗೇ. 2021ರಲ್ಲಿ ಕ್ರಿಕೆಟ್ ನೋಡಲು ಕೂತರೆ ಓವರಿಗೊಂದು ಕ್ರಿಪ್ಟೋ ಜಾಹೀರಾತು. ಹುಡುಗರು ನಗುನಗುತ್ತಾ ದುಡ್ಡು ಮಾಡುವುದು.

– 2022ರ ಏಪ್ರಿಲ್‌ನಿಂದ ಜಾಹೀರಾತು ಮಾನದಂಡ ಮಂಡಳಿ ಒಂದು ಎಚ್ಚರಿಕೆ ಕಡ್ಡಾಯ ಮಾಡಿತು. ಇದಕ್ಕೆ ನಿಯಂತ್ರಣ ಇಲ್ಲ, ಅಪಾಯ ಹೆಚ್ಚು, ನಷ್ಟವಾದರೆ ಪರಿಹಾರ ಕೇಳಲು ಯಾವ ನಿಯಂತ್ರಕರೂ ಇಲ್ಲದೆ ಇರಬಹುದು, ಈ ಅರ್ಥದ ಮಾತು. ದೇಶದ ಪರಿಸ್ಥಿತಿಯನ್ನು ಅಷ್ಟು ನೇರವಾಗಿ ಬೇರೆ ಯಾರೂ ಹೇಳಿಲ್ಲ. ಜಾಹೀರಾತಿನ ಕೊನೆಗೆ ಓಡಿಸಿಕೊಂಡು ಓದುತ್ತಾರೆ, ಅದೊಂದೇ ಬೇಸರ.

– ನಿನ್ನ ಆಫೀಸಿನಲ್ಲಿ ಒಬ್ಬನ ಖಾತೆ ಫ್ರೀಜ್ ಆಯಿತು ಅಂದಿದ್ದೆಯಲ್ಲ, ಅದೆಂತ?

– ಅವನು ಯುಎಸ್‌ಡಿಟಿ ಮಾರಿದ. ಡಾಲರಿಗೆ ಸಮ ಇರುವ ನಾಣ್ಯ ಅದು. ಟಿಡಿಎಸ್, ಕಮಿಷನ್ ಎಲ್ಲ ಯಾಕೆ ಅಂತ ನೇರ ಇನ್ನೊಬ್ಬನಿಗೆ ಮಾರುವುದು, ಪಿಟುಪಿ ಅಂತಾರೆ. ಯಾರೋ ಗೊತ್ತಿಲ್ಲದವನು ಇವನ ಸಂಬಳದ ಖಾತೆಗೆ ಯುಪಿಐ ಮಾಡಿದ, ಇವನು ನಾಣ್ಯ ಬಿಟ್ಟುಕೊಟ್ಟ. ಎರಡು ವಾರ ಕಳೆದು ಎಟಿಎಂಗೆ ಹೋದರೆ ಹಣ ಬರಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಬೇರೆ ರಾಜ್ಯದ ಸೈಬರ್ ಪೊಲೀಸರ ಪತ್ರ ಬಂದಿದೆ, ಲೀನ್ ಹಾಕಿ ಹಣ ತಡೆದಿದ್ದೇವೆ ಅಂದರು. ಅಲ್ಲಿ ಯಾರೋ ವಯಸ್ಸಾದವರಿಗೆ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸಿ ದೋಚಿದ ಹಣ ನಾಲ್ಕು ಖಾತೆ ದಾಟಿ ಇವನಿಗೆ ಬಂದಿತ್ತು.

– ಅಂದರೆ ಆ ಮುದುಕರ ದುಡ್ಡು ಇವನ ಖಾತೆಗೆ, ಇವನ ನಾಣ್ಯ ಕಳ್ಳನ ವಾಲೆಟ್‌ಗೆ.

– ಹೌದು. ಕಳ್ಳನಿಗೆ ಬೇಕಾದದ್ದು ಅದೇ. ರೂಪಾಯಿ ಖಾತೆಯಲ್ಲಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ತಡೆಹಿಡಿಯಬಹುದು. ನಾಣ್ಯವಾಗಿ ದೇಶ ದಾಟಿದ ಮೇಲೆ ಮುಗಿಯಿತು. ನನ್ನ ಸಹೋದ್ಯೋಗಿ ಮನೆ ಬಾಡಿಗೆಗೆ ಸಾಲ ಮಾಡಿದ, ಆ ಊರಿನ ಠಾಣೆಗೆ ಇಮೇಲ್ ಮೇಲೆ ಇಮೇಲ್ ಹಾಕಿದ. ತಾನು ಕಳ್ಳನಲ್ಲ ಅಂತ ತೋರಿಸಲು ಅವನ ಹತ್ತಿರ ಒಂದು ಚಾಟ್ ಸ್ಕ್ರೀನ್‌ಶಾಟ್ ಬಿಟ್ಟರೆ ಏನೂ ಇರಲಿಲ್ಲ.

– ಲೀನ್ ಹಾಕಿದ ಕ್ಲರ್ಕಿಗೂ ಗೊತ್ತಿರುವುದಿಲ್ಲ, ಇವನು ಪಾಪದವನೋ ಅಲ್ಲವೋ ಅಂತ. ಪತ್ರ ಬಂದರೆ ಹಾಕಲೇಬೇಕು. ಆದರೆ ಪೂರ್ತಿ ಸಂಬಳದ ಖಾತೆ ನಿಲ್ಲಿಸುವುದು ತಪ್ಪು. ತಕರಾರು ಇರುವಷ್ಟು ಮೊತ್ತ ಹಿಡಿದುಕೊಂಡು ಉಳಿದದ್ದು ಬಿಡಬೇಕು. ಅದಿರಲಿ, ಇವರಿಗೆ ಈ ಉಸಾಬರಿ ಯಾಕೆ? ಕೈ ತುಂಬಾ ಸಂಬಳ ಉಂಟಲ್ಲ?

– ಕೈ ತುಂಬಾ ಅಂತ ನಿಮಗೆ ಕಾಣುತ್ತದೆ ದೊಡ್ಡಪ್ಪ. ನೀವು ಕೆಲಸಕ್ಕೆ ಸೇರಿದ ದಿನವೇ ನಿಮಗೆ ರಿಟೈರ್ ಆಗುವ ದಿನ ಗೊತ್ತಿತ್ತು. ನಮಗೆ ಮುಂದಿನ ವರ್ಷ ಗೊತ್ತಿಲ್ಲ. ಟಿಸಿಎಸ್ 2025ರ ಜುಲೈನಲ್ಲಿ 12,000ಕ್ಕೂ ಹೆಚ್ಚು ಜನರನ್ನು ಬಿಡುವುದಾಗಿ ಹೇಳಿದಾಗ ನಮ್ಮ ಕ್ಯಾಂಟೀನಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಬೇರೆ ಕಂಪನಿಯ ಸುದ್ದಿ, ಆದರೂ. ಒಂದು ಕಡೆ ಎಐ ಬಂದು ಕೋಡ್ ಬರೆಯುತ್ತದೆ ಅಂತಾರೆ, ಇನ್ನೊಂದು ಕಡೆ ಎರಡು ಕೋಣೆಯ ಫ್ಲ್ಯಾಟಿಗೆ ಇಪ್ಪತ್ತು ವರ್ಷದ ಇಎಂಐ. ಉಳಿತಾಯ ಮಾಡಿ ನಿಧಾನವಾಗಿ ಮೇಲೆ ಬರುತ್ತೇವೆ ಅನ್ನುವ ನಂಬಿಕೆ ಹೋಗಿದೆ. ಆ ನಂಬಿಕೆ ಹೋದವರಿಗೇ ಟೆಲಿಗ್ರಾಂ ಗುಂಪಿನವರು ಗಾಳ ಹಾಕುವುದು. ಮೊದಲು ಎರಡು ಸಾವಿರ ಹಾಕಿಸುತ್ತಾರೆ, ಮೂರು ಸಾವಿರ ಮಾಡಿ ನಿಜವಾಗಿಯೂ ವಾಪಸ್ ಕೊಡುತ್ತಾರೆ. ಆಮೇಲೆ ಎರಡು ಲಕ್ಷ. ಆ್ಯಪಿನಲ್ಲಿ ಹತ್ತು ಲಕ್ಷ ಅಂತ ಕಾಣುತ್ತದೆ. ತೆಗೆಯಲು ಹೋದರೆ ಮೊದಲು ತೆರಿಗೆ ಕಟ್ಟಿ ಅಂತಾರೆ. ಆ ‘ತೆರಿಗೆ’ಗೆ ಇನ್ನೂ ಎರಡು ಲಕ್ಷ.

– ಉಳಿತಾಯದ ನಂಬಿಕೆ ಅಂದೆಯಲ್ಲ, ನಮ್ಮ ಉಡುಪಿಯಲ್ಲಿ 1928ರಲ್ಲಿ ದಿನದ ಉಳಿತಾಯದ ಪಿಗ್ಮಿ ಶುರುವಾಯಿತು. ಆಗ ಸಿಂಡಿಕೇಟ್ ಬ್ಯಾಂಕಿಗೆ ಆ ಹೆಸರೂ ಇರಲಿಲ್ಲ, ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಅಂತ ಇತ್ತು. ನೇಕಾರರಿಗೆ, ಮೀನು ಮಾರುವವರಿಗೆ, ಸಣ್ಣ ಅಂಗಡಿಯವರಿಗೆ ದಿನಕ್ಕೆ ಎರಡಾಣೆ. ಏಜೆಂಟ್ ಮನೆ ಬಾಗಿಲಿಗೆ ಬರುತ್ತಿದ್ದ, ಅವರ ಎದುರೇ ಪುಸ್ತಕದಲ್ಲಿ ಬರೆಯುತ್ತಿದ್ದ. ಬಡವ ಉಳಿಸುವುದಿಲ್ಲ ಅಂತ ದೊಡ್ಡ ಬ್ಯಾಂಕುಗಳು ತಿಳಿದಿದ್ದ ಕಾಲ ಅದು. ಅವರಿಗೆ ಬಡ್ಡಿಗಿಂತ ಹೆಚ್ಚು ಬೇಕಾಗಿದ್ದದ್ದು ಆ ಏಜೆಂಟ್. ಒಂದು ದಿನ ಅವ ಬರದಿದ್ದರೆ ಬ್ರ್ಯಾಂಚಿಗೇ ಬಂದು ಕೇಳುತ್ತಿದ್ದರು, ಎಲ್ಲಿ ಹೋದ ಅಂತ. ನಿನ್ನ ಹುಡುಗರು ಯಾರನ್ನು ಕೇಳಬೇಕು?

– ಅದು ಸರಿ. ಆದರೆ ನಂಬಲು ಕೌಂಟರ್ ಇಲ್ಲದ ಜನರೂ ಲೋಕದಲ್ಲಿ ಇದ್ದಾರೆ ದೊಡ್ಡಪ್ಪ. ಲೆಬನಾನಿನಲ್ಲಿ 2019ರಿಂದ ಬ್ಯಾಂಕುಗಳೇ ಜನರ ಡಾಲರ್ ಖಾತೆಗಳನ್ನು ಹಿಡಿದಿಟ್ಟವು. ಅರ್ಜೆಂಟೀನಾದಲ್ಲಿ ಸಂಬಳ ಬಂದ ವಾರದಲ್ಲೇ ಪೆಸೋ ಕರಗುತ್ತಿತ್ತು. ಅಲ್ಲಿನವರು ಯುಎಸ್‌ಡಿಟಿಯಂಥ ಡಾಲರಿನ ಸ್ಟೇಬಲ್‌ಕಾಯಿನ್ ಹಿಡಿದದ್ದು ಶೋಕಿಗಲ್ಲ. ಸಂಖ್ಯೆ ಹುಡುಕುವ ಕೆಲಸ ಕರೆಂಟು ತಿನ್ನುತ್ತದೆ ಅಂತ ಜನ ಹೇಳುವ ದೂರಿಗೂ ಒಂದು ಉತ್ತರ ಬಂದಿದೆ. ಇಥೀರಿಯಂ ಅನ್ನುವ ಇನ್ನೊಂದು ನಾಣ್ಯ 2022ರ ಸೆಪ್ಟೆಂಬರ್‌ನಲ್ಲಿ ಸಂಖ್ಯೆ ಹುಡುಕುವ ಪದ್ಧತಿಯನ್ನೇ ಬಿಟ್ಟು ಕರೆಂಟಿನ ಖರ್ಚನ್ನು ಶೇ 99ಕ್ಕೂ ಹೆಚ್ಚು ಇಳಿಸಿತು. ಬಿಟ್‌ಕಾಯಿನ್ ಬಿಟ್ಟಿಲ್ಲ, ಅದು ತಪ್ಪೇ. ದುಬೈಯಿಂದ, ದೋಹಾದಿಂದ ಊರಿಗೆ ದುಡ್ಡು ಕಳಿಸುವವರನ್ನೂ ನೆನಪಿಸಿಕೊಳ್ಳಿ. 2024ರಲ್ಲಿ ಹೊರದೇಶದಿಂದ ಭಾರತಕ್ಕೆ ಬಂದದ್ದು ಸುಮಾರು 12,900 ಕೋಟಿ ಡಾಲರ್ ಅಂತ ವಿಶ್ವಬ್ಯಾಂಕಿನ ಲೆಕ್ಕ. ಆ ದಾರಿಯ ಖರ್ಚು ಎರಡು ಪರ್ಸೆಂಟ್ ಕಡಿಮೆಯಾದರೂ ಎಷ್ಟು ಮನೆಗೆ ಅಕ್ಕಿ ಬರುತ್ತದೆ!

– ಗಲ್ಫಿನ ಮಾತು ನನಗೆ ಹೇಳಬೇಡ. ಡ್ರಾಫ್ಟ್ ಹಿಡಿದುಕೊಂಡು ಬರುತ್ತಿದ್ದ ಹೆಂಗಸರ ಮುಖ ಇವತ್ತಿಗೂ ನೆನಪಿದೆ. ಕ್ಲಿಯರಿಂಗಿಗೆ ವಾರಗಟ್ಟಲೆ. ಬೇಗ ಬರುತ್ತದೆ ಅಂತ ಹವಾಲಾಕ್ಕೆ ಕೊಟ್ಟು ಕಳೆದುಕೊಂಡವರೂ ಉಂಟು. ಅಗ್ಗವಾಗಿ, ಬೇಗ ಬರುವುದಾದರೆ ಬರಲಿ. ಆದರೆ ಅಗ್ಗದ, ಬೇಗದ ದಾರಿಗೆ ನಾಣ್ಯವೇ ಬೇಕಾ? ಯುಪಿಐ ಕಟ್ಟಿದ್ದು ಯಾರು? ಬ್ಯಾಂಕುಗಳು ಸೇರಿ, ರಿಸರ್ವ್ ಬ್ಯಾಂಕಿನ ಕಣ್ಣಿನ ಕೆಳಗೆ. 2016ರಲ್ಲಿ ಶುರು, 2025ರ ಆಗಸ್ಟ್ ಒಂದೇ ತಿಂಗಳಿಗೆ 2,000 ಕೋಟಿ ವ್ಯವಹಾರ ದಾಟಿತು. ತಪ್ಪಾದರೆ ದೂರು ಕೊಡಲು ಜಾಗ ಉಂಟು. ಸಿಂಗಾಪುರದಲ್ಲಿ ಹಣ ಕಳಿಸುವ ವ್ಯವಸ್ಥೆ ಪೇನೌ ಜೊತೆ 2023ರಲ್ಲಿ ಜೋಡಿಸಿದ್ದಾರೆ. ಗಲ್ಫಿಗೂ ಆ ದಾರಿ ಪೂರ್ತಿ ತೆರೆಯಲಿ.

– ತೆರೆದರೆ ನನ್ನ ವಾದದ ಅರ್ಧ ನಾನೇ ಬಿಡುತ್ತೇನೆ. ಉಳಿದ ಅರ್ಧ ಬಿಡುವುದಿಲ್ಲ. ಸರ್ಕಾರದ ಕಣ್ಣಿನ ಕೆಳಗಲ್ಲದೆ ತನ್ನ ದುಡ್ಡು ತಾನೇ ಇಟ್ಟುಕೊಳ್ಳುವ ಒಂದು ದಾರಿ ಮನುಷ್ಯನಿಗೆ ಇರಬೇಕು. ಬ್ಯಾಂಕ್ ಖಾತೆಯನ್ನು ಒಂದು ಪತ್ರ ನಿಲ್ಲಿಸುತ್ತದೆ ಅಂತ ಈಗಷ್ಟೇ ನೋಡಿದಿರಿ.

– ಇಟ್ಟುಕೊಳ್ಳಲಿ. ಚಿನ್ನ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲವಾ? ಆದರೆ ತನ್ನ ಕೀ ತಾನೇ ಕಳೆದುಕೊಂಡವನಿಗೆ ಪರಿಹಾರ ಕೇಳುವ ಹಕ್ಕಿಲ್ಲ. ಅದು ಒಪ್ಪಿಗೆಯಾ?

– ಒಪ್ಪಿಗೆ. ಆದರೆ ಬೇರೆಯವರ ದುಡ್ಡು ಹಿಡಿದುಕೊಳ್ಳುತ್ತೇನೆ ಅಂತ ಅಂಗಡಿ ತೆರೆದವನ ಮಾತು ಬೇರೆ. ಗಿರಾಕಿಯ ನಾಣ್ಯ ಟ್ರಸ್ಟಿನಲ್ಲಿ, ಕಂಪನಿಯ ಲೆಕ್ಕಕ್ಕೆ ಸೇರದ ಹಾಗೆ ಇರಬೇಕು. ಜಪಾನ್ ಮಾಡಿದ್ದನ್ನು ನಾವು ಮಾಡಬಹುದು. ಯುರೋಪಿನ ಮೀಕಾ ಕಾನೂನಿನಲ್ಲೂ ಅದೇ ಇದೆ, 2024ರ ಡಿಸೆಂಬರ್ 30ರಿಂದ ಪೂರ್ತಿ ಜಾರಿ. ನಮ್ಮಲ್ಲೇ ಒಂದು ಎಳೆ ಸಿಕ್ಕಿದೆ. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಇದೇ ವಜೀರ್‌ಎಕ್ಸ್‌ನ ಒಬ್ಬ ಗಿರಾಕಿಯ ಪ್ರಕರಣದಲ್ಲಿ ಕ್ರಿಪ್ಟೋ ಅಂದರೆ ಆಸ್ತಿ, ಅದನ್ನು ಇನ್ನೊಬ್ಬರ ಪರವಾಗಿ ಟ್ರಸ್ಟಿನಲ್ಲಿ ಇಟ್ಟುಕೊಳ್ಳಲು ಬರುತ್ತದೆ ಅಂತ ಹೇಳಿತು. ಒಬ್ಬರಿಗೆ ಕೋರ್ಟಿನಲ್ಲಿ ಸಿಕ್ಕಿದ್ದು ಎಲ್ಲರಿಗೂ ಕಾನೂನಿನಲ್ಲಿ ಸಿಗಬೇಕು.

– ಲೆಕ್ಕ ಪರಿಶೋಧನೆ ತಿಂಗಳಿಗೊಮ್ಮೆ. ಅದೂ ಕಂಪನಿ ಆರಿಸಿದ ಆಡಿಟರ್ ಅಲ್ಲ. ನಿಮ್ಮ ಲೆಜರ್ ಎಲ್ಲರಿಗೂ ಕಾಣುತ್ತದೆ ಅಂದೆಯಲ್ಲ, ಅಂದಮೇಲೆ ಇರುವ ನಾಣ್ಯ ತೋರಿಸಲು ಎಂತ ಕಷ್ಟ?

– ಇರುವುದನ್ನು ತೋರಿಸುವುದು ಸುಲಭ. ಕೊಡಬೇಕಾದದ್ದು ಎಷ್ಟು ಅನ್ನುವುದನ್ನೂ ಜೊತೆಗೆ ತೋರಿಸಬೇಕು, ಅಲ್ಲೇ ಎಲ್ಲರೂ ಜಾರಿಕೊಳ್ಳುವುದು. ಆಮೇಲೆ ಒಂದು ಓಂಬುಡ್ಸ್‌ಮನ್, ಬ್ಯಾಂಕುಗಳಿಗೆ ಇರುವ ಹಾಗೆ. ತೆರಿಗೆಯಿಂದ ಬಂದದ್ದರಲ್ಲಿ ಒಂದು ಪಾಲು ತೆಗೆದು ಅದನ್ನು ನಡೆಸಲಿ. ನಷ್ಟವನ್ನು ಲಾಭದಲ್ಲಿ ಕಳೆಯಲು ಬಿಡಲಿ, ಆಗ ಜನ ಪಿಟುಪಿಗೆ ಓಡುವುದು ತಾನಾಗಿ ಕಡಿಮೆಯಾಗುತ್ತದೆ.

– ಜಾಹೀರಾತು ಪೂರ್ತಿ ನಿಲ್ಲಿಸಬೇಕು. ಎಚ್ಚರಿಕೆ ಓಡಿಸಿ ಓದುವುದು ಸಾಲದು.

– ಅದಕ್ಕೆ ನಾನು ಒಪ್ಪುವುದಿಲ್ಲ. ಹೆಸರು, ವಿಳಾಸ ಇರುವ ಕಂಪನಿಯ ಜಾಹೀರಾತು ನಿಲ್ಲಿಸಿದರೆ ಹುಡುಗರು ಹೋಗುವುದು ಹೆಸರಿಲ್ಲದ ಟೆಲಿಗ್ರಾಂ ಗುಂಪಿಗೆ.

– ಈಗ ಜಾಹೀರಾತು ಉಂಟಲ್ಲ, ಆದರೂ ಹೋಗುತ್ತಾರಲ್ಲ?

– ಯಾಕೆಂದರೆ ಎರಡಕ್ಕೂ ವ್ಯತ್ಯಾಸ ಏನು ಅಂತ ಅವರಿಗೆ ತೋರಿಸುವ ಕಾನೂನು ಇಲ್ಲ. ಕೋರಮಂಗಲದಲ್ಲಿ ಬೋರ್ಡ್ ಹಾಕಿದ ಕಂಪನಿಯಲ್ಲಿ ಕಳೆದುಕೊಂಡವನಿಗೂ ಪರಿಹಾರ ಇಲ್ಲ, ಟೆಲಿಗ್ರಾಂನಲ್ಲಿ ಕಳೆದುಕೊಂಡವನಿಗೂ ಇಲ್ಲ. ಮೊದಲು ಆ ವ್ಯತ್ಯಾಸ ಹುಟ್ಟಲಿ. ಆಮೇಲೂ ಹುಡುಗರು ದಾರಿ ತಪ್ಪಿದರೆ ಜಾಹೀರಾತಿನ ಬಗ್ಗೆ ನಿಮ್ಮ ಮಾತು ಕೇಳುತ್ತೇನೆ.

– ನಾನು ಈಗಲೇ ನಿಲ್ಲಿಸಬೇಕು ಅನ್ನುವವ. ಪಾರ್ಲಿಮೆಂಟಿಗೆ ಕಾನೂನು ಬರುವಷ್ಟರಲ್ಲಿ ಇನ್ನೊಂದು ವಜೀರ್‌ಎಕ್ಸ್ ಆಗಿರುತ್ತದೆ. ಇರಲಿ, ಉಳಿದದ್ದಕ್ಕೆ ನಮ್ಮಿಬ್ಬರದ್ದೂ ಒಂದೇ ಮಾತು. ನೀನು ಬರೆ, ನಾನೂ ಸಹಿ ಹಾಕುತ್ತೇನೆ. ನಮ್ಮ ಎಂಪಿಗೆ ಒಂದು, ಹಣಕಾಸು ಮಂತ್ರಾಲಯಕ್ಕೆ ಒಂದು. ತೆರಿಗೆಯ ಆ 31,200ರ ಲೆಕ್ಕ ಮೊದಲ ಪ್ಯಾರಾದಲ್ಲೇ ಹಾಕು, ಆಫೀಸಿನಲ್ಲಿ ಕೂತವರಿಗೆ ಅದು ಬೇಗ ತಲೆಗೆ ಹೋಗುತ್ತದೆ. ನಿನ್ನ ಸಹೋದ್ಯೋಗಿಯ ಲೀನ್ ವಿಷಯಕ್ಕೆ ಬ್ರ್ಯಾಂಚಿಗೆ ಬೇರೆಯೇ ಅರ್ಜಿ ಬೇಕು. ಪೊಲೀಸರ ಪತ್ರದ ನಂಬರು, ಆ ದಿನದ ಸ್ಟೇಟ್‌ಮೆಂಟು ತರಲು ಹೇಳು, ಅದನ್ನು ನಾನು ಬರೆದುಕೊಡುತ್ತೇನೆ.